ಕೋಳಿಗಳ ಪುಕ್ಕ ಕೀಳಾಟ: ಒಂದು ಮಳೆಗಾಲದಲ್ಲಿ ಕೊಂಡು ಬಳಸಿದ ಐದು ವಸ್ತುಗಳ ವಿಮರ್ಶೆ

ಕಳೆದ ವರ್ಷ ಪುನರ್ವಸು ಮಳೆ ಹಿಡಿದ ಒಂಬತ್ತನೆಯ ದಿನ ನಮ್ಮ ಕೋಳಿಗೂಡಿನಲ್ಲಿ ಮೊದಲ ಬಾರಿ ರಕ್ತ ಕಂಡಿತು. ಅಲ್ಲಿಂದ ಎರಡು ತಿಂಗಳಲ್ಲಿ, ಕೋಳಿಗಳು ಒಂದರ ಪುಕ್ಕವನ್ನು ಇನ್ನೊಂದು ಕೀಳುವುದನ್ನು ನಿಲ್ಲಿಸಲು ಮತ್ತು ಆದ ಗಾಯಗಳನ್ನು ವಾಸಿಮಾಡಲು ನಾನು ಐದು ವಸ್ತುಗಳನ್ನು ಕೊಂಡೆ: ಜಾನುವಾರುಗಳ ಗಾಯಕ್ಕೆ ಹೊಡೆಯುವ ಗಿಡಮೂಲಿಕೆಯ ಸ್ಪ್ರೇ, ಪೊವಿಡೋನ್ ಅಯೊಡಿನ್ ದ್ರಾವಣ, ಜೆನ್ಷಿಯನ್ ವಯೊಲೆಟ್ ಎಂಬ ನೇರಳೆ ಬಣ್ಣದ ಔಷಧಿ, ಕೊಕ್ಕಿನ ಮೇಲೆ ಸಿಕ್ಕಿಸುವ ಪ್ಲಾಸ್ಟಿಕ್ ಕಣ್ಣಪಟ್ಟಿ, ಮತ್ತು ಬೆನ್ನಿಗೆ ಹಾಕುವ ಬಟ್ಟೆಯ ಕವಚ. ಇವುಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡಿತು, ಯಾವುದನ್ನು ಕೊಳ್ಳಬಾರದಿತ್ತು ಎಂಬುದನ್ನು ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವವರಿಗಾಗಿ ಇಲ್ಲಿ ಬರೆದಿದ್ದೇನೆ. ಕಂಪನಿಗಳ ಹೆಸರನ್ನು ಬರೆದಿಲ್ಲ. ಇಂಥ ವಸ್ತುಗಳನ್ನು ಹಲವರು ತಯಾರಿಸುತ್ತಾರೆ, ಮತ್ತು ನಾನು ಕಂಡ ಗುಣದೋಷಗಳು ಹೆಚ್ಚಾಗಿ ಆಯಾ ಬಗೆಯ ವಸ್ತುವಿಗೇ ಸೇರಿದವು.

ನಮ್ಮ ಮನೆ ಸಕಲೇಶಪುರದ ಕಡೆ, ಕಾಫಿ ತೋಟದ ಅಂಚಿನಲ್ಲಿದೆ. ಹನ್ನೊಂದು ಸ್ವರ್ಣಧಾರಾ ತಳಿಯ ಹೇಟೆಗಳು, ನಾಲ್ಕು ನಾಟಿ ಹೇಟೆಗಳು ಮತ್ತು ಒಂದು ಹುಂಜ, ಒಟ್ಟು ಹದಿನಾರು. ಗೂಡು ಎಂಟಡಿ ಉದ್ದ, ಆರಡಿ ಅಗಲ. ಬೇಸಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿ ತರಗೆಲೆ ಕೆದಕಿಕೊಂಡು, ರಾತ್ರಿ ಮಲಗಲು ಮಾತ್ರ ಒಳಗೆ ಬರುತ್ತಿದ್ದ ಕೋಳಿಗಳಿಗೆ ಆ ಜಾಗ ಸಾಕಾಗಿತ್ತು. ಮಳೆ ಬಿಡದೆ ಸುರಿಯತೊಡಗಿದಾಗ ಅಂಗಳವೆಲ್ಲ ಕೆಸರಾಯಿತು, ಮೇಲಾಗಿ ಕೀರವೂ (ಮುಂಗುಸಿ) ಸುಳಿದಾಡತೊಡಗಿತು. ಹಾಗಾಗಿ ಹಗಲೂ ಅವುಗಳನ್ನು ಒಳಗೇ ಕೂಡಿದೆವು. ನಲವತ್ತೆಂಟು ಚದರಡಿಯಲ್ಲಿ ಹದಿನಾರು ಕೋಳಿ ಎಂದರೆ ಒಂದಕ್ಕೆ ಮೂರು ಚದರಡಿ. ಹಗಲಿಡೀ ಒಳಗಿರುವ ಕೋಳಿಗೆ ನಾಲ್ಕು ಚದರಡಿಯಾದರೂ ಬೇಕೆಂಬುದು ಸಾಕುವವರ ರೂಢಿ. ಕತ್ತಲೆ ಕವಿದಂತಿದೆ ಎಂದು ಬಿಳಿ ಎಲ್ಇಡಿ ಬಲ್ಬನ್ನು ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಉರಿಸಿದೆವು. ಹಿಟ್ಟಿನ ಆಹಾರ ಒದ್ದೆಯಾಗಿ ಬೂಸಲು ಹಿಡಿಯುತ್ತದೆ ಎಂದು ಗುಳಿಗೆಯ ಆಹಾರ ತಂದೆವು. ಪ್ರತಿಯೊಂದನ್ನೂ ಕೋಳಿಗಳ ಒಳಿತಿಗೆಂದೇ ಮಾಡಿದ್ದೆವು, ಆದರೆ ಈ ಮೂರೂ ಸೇರಿ ಏನಾಗುತ್ತದೆ ಎಂಬ ಅರಿವು ನನಗೆ ಆಗ ಇರಲಿಲ್ಲ.

ಮೊದಲು ಗಾಯಗೊಂಡದ್ದು ಒಂದು ಕಂದು ಬಣ್ಣದ ಸ್ವರ್ಣಧಾರಾ. ಬಾಲದ ಬುಡದಲ್ಲಿ, ಎಣ್ಣೆಯ ಗ್ರಂಥಿ ಇರುವ ಉಬ್ಬಿನ ಸುತ್ತ, ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಿತ್ತುಹೋಗಿತ್ತು. ಸುತ್ತಲಿನ ಪುಕ್ಕಗಳಲ್ಲಿ ಹಲವು ಬುಡಸಮೇತ ಬಂದಿರಲಿಲ್ಲ, ಕತ್ತರಿಸಿದ ಕಡ್ಡಿಗಳಂತೆ ಮೊಂಡಾಗಿ ನಿಂತಿದ್ದವು, ಹೊಸದಾಗಿ ಮೂಡುತ್ತಿದ್ದ ಎರಡು ಎಳೆಗರಿಗಳ ತುದಿಯಿಂದ ರಕ್ತ ಒಸರುತ್ತಿತ್ತು. ಬೆಳೆಯುತ್ತಿರುವ ಗರಿಯ ಕಾಂಡದೊಳಗೆ ರಕ್ತ ಹರಿಯುತ್ತಿರುತ್ತದೆ, ಅದು ಮುರಿದರೆ ಸಣ್ಣ ನಲ್ಲಿ ತೆರೆದಂತೆ. ಕೋಳಿಗೆ ಕೆಂಪು ಬಣ್ಣದ ಸೆಳೆತ ಬಹಳ. ಅರ್ಧ ಗಂಟೆ ಕುಳಿತು ನೋಡಿದೆ. ಕುಕ್ಕುತ್ತಿದ್ದದ್ದು ಎಲ್ಲ ಕೋಳಿಗಳಲ್ಲ, ಕುತ್ತಿಗೆಯ ಮೇಲೆ ಬಿಳಿ ಚುಕ್ಕಿಯಿದ್ದ ಒಂದೇ ಹೇಟೆ. ಅದು ಹಿಂದಿನಿಂದ ಬಂದು, ಒಂದು ಪುಕ್ಕ ಹಿಡಿದು, ಎಳೆದು, ಅದನ್ನು ಕೊಕ್ಕಿನಲ್ಲಿ ತಿರುಗಿಸಿ ನುಂಗುತ್ತಿತ್ತು. ಉಳಿದವು ಅದನ್ನು ನೋಡುತ್ತಿದ್ದವು, ಮರುದಿನದ ಹೊತ್ತಿಗೆ ಇನ್ನೆರಡು ಅದೇ ಕೆಲಸ ಕಲಿತಿದ್ದವು.

ಗಿಡಮೂಲಿಕೆಯ ಸ್ಪ್ರೇಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಔಷಧಿ ಅಂಗಡಿಗೆ ಹೋದರೆ ಮೊದಲು ಕೈಗೆ ಕೊಡುವುದು ಅದನ್ನೇ. ನೂರು ಮಿಲಿಲೀಟರಿನ ಡಬ್ಬಿಗೆ ಇನ್ನೂರು ರೂಪಾಯಿಯ ಒಳಗಾಯಿತು. ಬೇವು, ಅರಿಸಿನ ಮತ್ತಿತರ ಎಣ್ಣೆಗಳ ಕಟುವಾದ ವಾಸನೆ ಇದಕ್ಕಿದೆ, ಆ ವಾಸನೆಯೇ ಇದರ ದೊಡ್ಡ ಗುಣ. ಮಳೆಗಾಲದಲ್ಲಿ ತೆರೆದ ಗಾಯವಿರುವ ಕೋಳಿಗೆ ಗಾಯಕ್ಕಿಂತ ನೊಣದ ಭಯ ಹೆಚ್ಚು. ಹಸಿರು ನೊಣ ಗಾಯದ ಅಂಚಿನಲ್ಲಿ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳವಾಗಬಹುದು, ಪುಕ್ಕದ ಅಡಿಯಲ್ಲಿ ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಆಳಕ್ಕೆ ಇಳಿದಿರುತ್ತದೆ. ಸ್ಪ್ರೇ ಹಾಕಿದ ನಾಲ್ಕು ಕೋಳಿಗಳಲ್ಲಿ ಒಂದಕ್ಕೂ ಹುಳ ಬೀಳಲಿಲ್ಲ. ಸ್ಪ್ರೇ ತರುವ ಮೊದಲೇ ನೊಣ ಕೂತಿದ್ದ ಒಂದು ನಾಟಿ ಹೇಟೆಗೆ ಮಾತ್ರ ಹುಳ ಬಿದ್ದು, ಚಿಮಟಿಗೆಯಿಂದ ಒಂದೊಂದಾಗಿ ತೆಗೆಯಬೇಕಾಯಿತು.

ಇದರ ದೋಷಗಳೂ ಸಣ್ಣವಲ್ಲ. ಡಬ್ಬಿ ಒತ್ತಿದಾಗ ಬರುವ ಬುಸ್ಸೆಂಬ ಸದ್ದಿಗೆ ಕೋಳಿ ಹಾವು ಕಂಡಂತೆ ಬೆದರುತ್ತದೆ. ಹಸಿ ಗಾಯಕ್ಕೆ ನೇರವಾಗಿ ತಾಗಿದರೆ ಉರಿಯುತ್ತದೆ, ಮೊದಲ ಸಲ ಹೊಡೆದಾಗ ನಮ್ಮ ಕಂದು ಹೇಟೆ ನನ್ನ ಕೈಯಿಂದ ಚಿಮ್ಮಿ ಬಾವಿಕಟ್ಟೆಯವರೆಗೆ ಓಡಿತು. ಎರಡನೆಯ ಸಲದಿಂದ ದೂರದಲ್ಲಿ ಹತ್ತಿಯ ಮೇಲೆ ಸಿಂಪಡಿಸಿಕೊಂಡು, ಆ ಹತ್ತಿಯನ್ನು ಗಾಯದ ನಡುವಿಗೆ ಮುಟ್ಟಿಸದೆ ಅಂಚಿಗೆ ಮಾತ್ರ ಸವರತೊಡಗಿದೆ. ಹೀಗೆ ಮಾಡಿದರೆ ಡಬ್ಬಿಯೂ ಹೆಚ್ಚು ದಿನ ಬರುತ್ತದೆ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಧಾರಾಳವಾಗಿ ಹಾಕಿದರೆ ಸುತ್ತಲಿನ ಪುಕ್ಕ ಅಂಟಿಕೊಂಡು, ಚಳಿ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಡಬ್ಬಿಯ ಮೇಲೆ ದನ, ಕುರಿ, ಮೇಕೆ, ನಾಯಿಗಳ ಚಿತ್ರವಿದೆ, ಕೋಳಿಯ ಮಾತಿಲ್ಲ. ಹಾಕಿದ ಮೇಲೆ ಆ ಕೋಳಿಯ ಮೊಟ್ಟೆ ತಿನ್ನಬಹುದೇ ಎಂಬುದಕ್ಕೆ ಉತ್ತರ ಎಲ್ಲೂ ಅಚ್ಚಾಗಿಲ್ಲ. ಹಿತ್ತಲ ಕೋಳಿಯ ಮೊಟ್ಟೆಯನ್ನು ಮನೆಯ ಮಕ್ಕಳಿಗೇ ಕೊಡುವ ದೇಶದಲ್ಲಿ ಈ ಒಂದು ಸಾಲನ್ನು ತಯಾರಕರು ಸೇರಿಸಲೇಬೇಕು. ನಾವು ಗಾಯ ಒಣಗುವವರೆಗೆ ಆ ಕೋಳಿಗಳ ಮೊಟ್ಟೆಯನ್ನು ಬಳಸಲಿಲ್ಲ.

ಪೊವಿಡೋನ್ ಅಯೊಡಿನ್ ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುವ ಕಂದು ದ್ರಾವಣ. ಐದರಲ್ಲಿ ಒಂದನ್ನೇ ಕೊಳ್ಳಬೇಕೆಂದರೆ ನಾನು ಇದನ್ನೇ ಕೊಳ್ಳುತ್ತೇನೆ. ಇದನ್ನು ಬಾಟಲಿಯಿಂದ ನೇರವಾಗಿ ಸುರಿಯುವವರೇ ಹೆಚ್ಚು, ಹಾಗೆ ಮಾಡಿದರೆ ರೋಗಾಣುಗಳ ಜೊತೆಗೆ ಹೊಸದಾಗಿ ಬೆಳೆಯುವ ಚರ್ಮಕ್ಕೂ ಪೆಟ್ಟು ಬೀಳುತ್ತದೆ. ಶೇಕಡ 5ರ ದ್ರಾವಣದ ಒಂದು ಪಾಲಿಗೆ ಕಾಯಿಸಿ ಆರಿಸಿದ ನೀರು ಹತ್ತು ಪಾಲು ಬೆರೆಸಿ, ತೆಳು ಚಹಾದ ಬಣ್ಣಕ್ಕೆ ತಂದುಕೊಂಡು ಬಳಸಬೇಕು. ಅದಕ್ಕೂ ಮೊದಲು ಗಾಯವನ್ನು ಉಪ್ಪುನೀರಿನಿಂದ ತೊಳೆಯುವುದು ಒಳ್ಳೆಯದು: ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ, ಉಗುರು ಬೆಚ್ಚಗಾದ ಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ಗಾಯದ ಮೇಲೆ ಹರಿಸಿದರೆ ಹೊಟ್ಟು, ಹಿಕ್ಕೆ, ಒಣರಕ್ತ ಎಲ್ಲವೂ ಉಜ್ಜದೆಯೇ ಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಉಕ್ಕಿಸಿ ಕೆಲಸವಾಗುತ್ತಿದೆ ಎಂಬ ನಂಬಿಕೆ ಹುಟ್ಟಿಸುತ್ತದೆ, ಆದರೆ ದಿನದಿನವೂ ಹಾಕಿದರೆ ಗಾಯ ಕೂಡುವುದನ್ನೇ ತಡಮಾಡುತ್ತದೆ. ನೋವು ಮರೆಸುವ ಲಿಗ್ನೋಕೇನ್ ಬಗೆಯ ಮುಲಾಮುಗಳು ಹಕ್ಕಿಗಳಿಗೆ ಪ್ರಮಾಣ ಸ್ವಲ್ಪ ಮೀರಿದರೂ ವಿಷವಾಗಬಲ್ಲವು. ಮನೆಯಲ್ಲಿ ಉಳಿದ ಹಳದಿ ನೈಟ್ರೋಫ್ಯೂರಜೋನ್ ಮುಲಾಮನ್ನು ಹಚ್ಚುವ ಅಭ್ಯಾಸ ನಮ್ಮ ಕಡೆ ಇದೆ, ಆದರೆ ಅದು ಸೇರಿದ ನೈಟ್ರೋಫ್ಯೂರಾನ್ ಗುಂಪಿನ ಔಷಧಿಗಳನ್ನು ತಿನ್ನುವ ಕೋಳಿ ಮತ್ತು ಮೊಟ್ಟೆಯ ವಿಷಯದಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ.

ಕೋಳಿಯನ್ನು ಹಿಡಿಯುವ ಬಗೆಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಔಷಧಿ ಎಷ್ಟೇ ಚೆನ್ನಾಗಿದ್ದರೂ ಒದ್ದಾಡುವ ಕೋಳಿಗೆ ಅದನ್ನು ಹಾಕಲಾಗುವುದಿಲ್ಲ. ಕತ್ತಲಾದ ಮೇಲೆ ಕೋಳಿ ಏನೂ ಕಾಣದೆ ಸುಮ್ಮನಿರುತ್ತದೆ. ಆಗ ಎರಡು ರೆಕ್ಕೆಗಳನ್ನೂ ಸೇರಿಸಿ ಹಿಡಿದು, ಹಳೆಯ ಟವೆಲಿನಲ್ಲಿ ತಲೆಯೂ ಮುಚ್ಚುವಂತೆ ಸುತ್ತಿ, ಬಾಲದ ಭಾಗವನ್ನು ಮಾತ್ರ ಹೊರಗಿಟ್ಟು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಎದೆಯನ್ನು ಬಿಗಿಯಾಗಿ ಒತ್ತಬಾರದು: ಹಕ್ಕಿಗೆ ನಮ್ಮಂತೆ ಉಸಿರಾಟಕ್ಕೆ ನೆರವಾಗುವ ವಪೆ ಎಂಬ ಸ್ನಾಯುವಿನ ಪರದೆ ಇಲ್ಲ, ಎದೆಮೂಳೆ ಏರಿಳಿದರೆ ಮಾತ್ರ ಉಸಿರು. ಗಾಯದ ಸುತ್ತಲಿನ ಒಣ ಪುಕ್ಕಗಳನ್ನು ಕತ್ತರಿಯಿಂದ ಮೊಟಕು ಮಾಡಬಹುದು, ಕಪ್ಪು-ನೀಲಿಯಾಗಿ ಕಾಣುವ ಎಳೆಗರಿಗಳನ್ನು ಮುಟ್ಟಬಾರದು. ಅಂಥ ಗರಿಯೊಂದು ಮುರಿದು ರಕ್ತ ನಿಲ್ಲದಿದ್ದರೆ ಮೆಕ್ಕೆಜೋಳದ ಹಿಟ್ಟನ್ನೋ ಅರಿಸಿನ ಪುಡಿಯನ್ನೋ ಒತ್ತಿ ಎರಡು ನಿಮಿಷ ಹಿಡಿದರೆ ಸಾಕಾಗುತ್ತದೆ. ಕಂದು ಹೇಟೆಗೆ ದಿನಕ್ಕೆರಡು ಸಲ ಹೀಗೆ ತೊಳೆದೆ. ನಾಲ್ಕನೆಯ ದಿನಕ್ಕೆ ಗಾಯದ ಮೇಲೆ ತೆಳುವಾದ ಪೊರೆ ಕಟ್ಟಿತು, ಹನ್ನೆರಡನೆಯ ದಿನಕ್ಕೆ ಒಣಗಿದ ಹಕ್ಕಳೆ ತಾನಾಗಿ ಉದುರಿತು. ಹಕ್ಕಿಯ ಚರ್ಮ ಎಷ್ಟು ಬೇಗ ಕೂಡಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ನೋಡದವರಿಗೆ ನಂಬಲು ಕಷ್ಟ.

ಜೆನ್ಷಿಯನ್ ವಯೊಲೆಟ್ ಅತ್ಯಂತ ಅಗ್ಗ, ಮೂವತ್ತು ರೂಪಾಯಿಯೊಳಗೆ ಸಿಕ್ಕಿತು. ಕೆಂಪನ್ನು ನೇರಳೆಯಲ್ಲಿ ಮರೆಮಾಡಿದರೆ ಬೇರೆ ಕೋಳಿಗಳು ಕುಕ್ಕುವುದಿಲ್ಲ ಎಂಬ ಲೆಕ್ಕದಲ್ಲಿ ಹಳೆಯ ಸಾಕಣೆಗಾರರೆಲ್ಲ ಇದನ್ನು ಬಳಸುತ್ತಾರೆ, ಆ ಲೆಕ್ಕ ಬಹುಮಟ್ಟಿಗೆ ಸರಿ: ಹಚ್ಚಿದ ಮೇಲೆ ಕಂದು ಹೇಟೆಯ ಗಾಯದ ಕಡೆ ಉಳಿದವು ತಿರುಗಿ ನೋಡಲಿಲ್ಲ. ಆದರೂ ನಾನು ಇದನ್ನು ಎರಡೇ ದಿನ ಬಳಸಿ ನಿಲ್ಲಿಸಿದೆ. ಈ ಬಣ್ಣದಿಂದ ಕ್ಯಾನ್ಸರ್ ಬರುವ ಸಾಧ್ಯತೆಯಿದೆ ಎಂದು 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ತನ್ನ ಜನರನ್ನು ಎಚ್ಚರಿಸಿತು, ಅದನ್ನು ಓದಿದ ಮೇಲೆ ಮೊಟ್ಟೆಯಿಡುವ ಕೋಳಿಯ ಮೈಗೆ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಗಾಯಗೊಂಡ ಕೋಳಿಯನ್ನು ಬೇರೆ ಇಡಲು ಜಾಗವಿದ್ದರೆ ಬಣ್ಣದ ಅಗತ್ಯವೇ ಬೀಳುವುದಿಲ್ಲ. ಕಂದು ಹೇಟೆಯನ್ನು ಒಂದು ದೊಡ್ಡ ಬಿದಿರಿನ ಮಂಕರಿಯ ಅಡಿಯಲ್ಲಿ, ಗೂಡಿನ ಪಕ್ಕದಲ್ಲೇ, ಉಳಿದವುಗಳಿಗೆ ಕಾಣುವಂತೆ ಇಟ್ಟೆವು. ಪೂರ್ತಿ ಮರೆಯಾಗಿಟ್ಟರೆ ಹಿಂದಿರುಗಿದಾಗ ಅದನ್ನು ಹೊಸ ಕೋಳಿಯೆಂದೇ ಎಣಿಸಿ ಮತ್ತೆ ಮೇಲೆ ಬೀಳುತ್ತವೆ.

ಇನ್ನು ಕಣ್ಣಪಟ್ಟಿ. ಇದನ್ನು ಆನ್‌ಲೈನಿನಲ್ಲಿ ತರಿಸಿದೆ, ಇಪ್ಪತ್ತು ತುಂಡುಗಳ ಪೊಟ್ಟಣಕ್ಕೆ ಐನೂರು ರೂಪಾಯಿಯ ಆಸುಪಾಸು, ಜೊತೆಗೆ ಅಗಲಿಸಲು ಒಂದು ಇಕ್ಕಳ. ಕನ್ನಡಕದ ಆಕಾರದ ಕೆಂಪು ಪ್ಲಾಸ್ಟಿಕ್ ತುಂಡು, ಅದರ ಎರಡು ಗುಂಡು ತುದಿಗಳು ಕೋಳಿಯ ಮೂಗಿನ ಹೊಳ್ಳೆಗಳಲ್ಲಿ ಕೂರುತ್ತವೆ. ಹಾಕಿದ ಮೇಲೆ ಕೋಳಿಗೆ ಅಕ್ಕಪಕ್ಕ, ಮೇಲೆ, ಕೆಳಗೆ ಕಾಣುತ್ತದೆ, ನೇರ ಮುಂದೆ ಕಾಣುವುದಿಲ್ಲ, ಹಾಗಾಗಿ ಗುರಿಯಿಟ್ಟು ಇನ್ನೊಂದರ ಪುಕ್ಕ ಹಿಡಿಯಲು ಆಗುವುದಿಲ್ಲ. ಕೊಳ್ಳುವಾಗ ಒಂದು ವಿಷಯವನ್ನು ಕಡ್ಡಾಯವಾಗಿ ನೋಡಿ: ಇದರಲ್ಲೇ ಮೂಗಿನ ನಡುವಿನ ಗೋಡೆಯನ್ನು ಚುಚ್ಚಿ ಕಡ್ಡಿ ತೂರಿಸುವ ಬಗೆಯೂ ಇದೆ. ಅದು ಹಿಂಸೆ. ಬ್ರಿಟನ್ನಿನಲ್ಲಿ ಆ ಬಗೆಯನ್ನು ಕಾನೂನೇ ನಿಷೇಧಿಸಿದೆ. ನಾನು ತರಿಸಿದ್ದು ಚುಚ್ಚದ ಬಗೆ.

ಬಿಳಿ ಚುಕ್ಕಿಯ ಹೇಟೆಗೂ ಅದರಿಂದ ಕಲಿತ ಎರಡಕ್ಕೂ ಇದನ್ನು ಹಾಕಿದೆ. ಒಂದು ದಿನದೊಳಗೆ ಪುಕ್ಕ ಕೀಳುವುದು ನಿಂತಿತು, ಇದನ್ನು ಒಪ್ಪಲೇಬೇಕು. ಆದರೆ ಹಾಕಿದ ಮೊದಲ ಹೊತ್ತಿನಲ್ಲಿ ಆ ಹೇಟೆ ಹಿಮ್ಮುಖವಾಗಿ ನಡೆಯುತ್ತ, ತಲೆಯನ್ನು ನೆಲಕ್ಕೆ ಉಜ್ಜುತ್ತ ಇದ್ದುದನ್ನು ನೋಡುವುದು ಸುಲಭವಾಗಿರಲಿಲ್ಲ. ನೆಲದ ಮೇಲೆ ಚೆಲ್ಲಿದ ಕಾಳು ಅದಕ್ಕೆ ಸಿಗುತ್ತಿರಲಿಲ್ಲ, ಆಳವಾದ ತೊಟ್ಟಿಯಲ್ಲಿ ತುಂಬಿಟ್ಟರೆ ಮಾತ್ರ ತಿನ್ನುತ್ತಿತ್ತು. ತನ್ನ ಮೈಯ ಪುಕ್ಕವನ್ನು ತಾನೇ ಸರಿಪಡಿಸಿಕೊಳ್ಳಲಾಗದೆ ಹೇನು ಹೆಚ್ಚಾಯಿತು. ಹತ್ತನೆಯ ದಿನ ಒಂದರ ಪಟ್ಟಿ ಜಾಲರಿಯ ಕಣ್ಣಿಗೆ ಸಿಕ್ಕಿ, ಬಿಡಿಸಿಕೊಳ್ಳುವ ಭರದಲ್ಲಿ ಹೊಳ್ಳೆ ಊದಿಕೊಂಡಿತು. ಇಕ್ಕಳದಿಂದ ಅಗಲಿಸುವಾಗ ಎರಡು ತುಂಡುಗಳು ಮುರಿದವು, ಮೂರು ಎಲ್ಲೋ ಕಳಚಿ ಬಿದ್ದವು. ಮೊಟ್ಟೆಯಿಡುವ ದ್ವಾರವನ್ನು ಕುಕ್ಕುವ ಚಾಳಿಗೆ ಇದು ಪೂರ್ತಿ ಪರಿಹಾರವೂ ಅಲ್ಲ, ಏಕೆಂದರೆ ಪಕ್ಕದಿಂದ ಬಾಗಿ ಕುಕ್ಕಲು ಅದಕ್ಕೆ ದಾರಿ ಉಳಿದೇ ಇರುತ್ತದೆ. ಇಪ್ಪತ್ತೆರಡು ದಿನಗಳ ನಂತರ ಮೂರನ್ನೂ ತೆಗೆದುಹಾಕಿದೆ. ಎಲ್ಲ ಕೋಳಿಗಳಿಗೂ ಇದನ್ನು ಹಾಕಿ ನಿಶ್ಚಿಂತೆಯಿಂದ ಇರಬಹುದು ಎಂಬ ಮಾರಾಟಗಾರರ ಮಾತನ್ನು ನಾನು ಒಪ್ಪುವುದಿಲ್ಲ. ಚಾಳಿ ಬಿಡದ ಒಂದೆರಡು ಕೋಳಿಗಳಿಗೆ, ಬಲಿತ ಮೇಲೆ, ಎರಡು ಮೂರು ವಾರಗಳ ಮಟ್ಟಿಗೆ, ಬೇರೆ ದಾರಿ ಮುಚ್ಚಿದಾಗ ಮಾತ್ರ.

ಬೆನ್ನಿನ ಬಟ್ಟೆಯ ಕವಚದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಂಜ ಮೇಲೇರುವಾಗ ಉಗುರು ತಾಗಿ ಹೇಟೆಯ ಬೆನ್ನು ಬೋಳಾಗುವುದುಂಟು, ಅದಕ್ಕೆ ಇದು ಒಳ್ಳೆಯ ರಕ್ಷಣೆ. ಪುಕ್ಕ ಕೀಳಾಟಕ್ಕೆ ಇದು ಸಲ್ಲದು: ಬಾಲದ ಬುಡವೂ ದ್ವಾರವೂ ತೆರೆದೇ ಇರುತ್ತವೆ, ಮಲೆನಾಡಿನ ಥಂಡಿಯಲ್ಲಿ ಬಟ್ಟೆ ಒಣಗುವುದಿಲ್ಲ, ಅದರ ಅಡಿಯಲ್ಲಿ ಹೇನು ಗೂಡುಕಟ್ಟುತ್ತದೆ.

ಇಷ್ಟನ್ನೂ ಕೊಂಡು ಬಳಸಿದ ಮೇಲೂ ಹತ್ತನೆಯ ದಿನಕ್ಕೆ ಇನ್ನೊಂದು ಹೇಟೆ ಗಾಯಗೊಂಡಿತು, ಈ ಸಲ ಮೊಟ್ಟೆಯ ದ್ವಾರದಲ್ಲಿ. ಆ ಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ವೈದ್ಯರು ಗಾಯ ನೋಡಿ, ಒಳಗಿನ ಭಾಗ ಹೊರಬಂದಿಲ್ಲವೆಂದು ಖಚಿತಪಡಿಸಿಕೊಂಡು, ತೊಳೆದು, ನೋವಿಗೆ ಔಷಧಿ ಕೊಟ್ಟರು. ಆಮೇಲೆ ಕೇಳಿದರು: "ಔಷಧಿ ಎಲ್ಲಾ ಸರಿ ಅಮ್ಮಾ, ಬೆಳಗಿಂದ ಸಂಜೆವರೆಗೆ ಅವಕ್ಕೆ ಗೂಡಲ್ಲಿ ಏನು ಕೆಲಸ ಇದೆ ಹೇಳಿ?" ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅತ್ತೆಯವರು, "ತಿಪ್ಪೆ ಬಿಡಿಸಿ ಸಿಮೆಂಟ್ ಮೇಲೆ ನಿಲ್ಸಿದ್ರೆ ಕೋಳಿ ಕೆದಕೋದಾದ್ರೂ ಎಲ್ಲಿ? ಪಕ್ಕದ್ದರ ಮೈನೇ ಕೆದಕತ್ತೆ" ಎಂದರು. ವಿಜ್ಞಾನಿಗಳು ಹೇಳುವುದೂ ಬಹುತೇಕ ಇದನ್ನೇ. ಬಿಟ್ಟು ಸಾಕಿದ ಕೋಳಿ ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ನೆಲ ಕೆದಕಿ ಕುಕ್ಕುವುದರಲ್ಲೇ ಕಳೆಯುತ್ತದೆ, ಆ ಕೆಲಸಕ್ಕೆ ನೆಲ ಸಿಗದಿದ್ದಾಗ ಅದೇ ಕುಕ್ಕುವಿಕೆ ಪಕ್ಕದ ಕೋಳಿಯ ಪುಕ್ಕದ ಕಡೆ ತಿರುಗುತ್ತದೆ. ಪುಕ್ಕ ಕೀಳುವ ಕೋಳಿ ಸಾಮಾನ್ಯವಾಗಿ ಜಗಳಗಂಟಿಯಲ್ಲ, ಕೆಲಸವಿಲ್ಲದ ಕೋಳಿ.

ಗುಳಿಗೆಯ ಆಹಾರದ ತಪ್ಪು ಆಗ ಅರ್ಥವಾಯಿತು. ಹಿಟ್ಟಿನ ಆಹಾರವನ್ನು ತಿನ್ನಲು ಕೋಳಿಗೆ ಬಹಳ ಹೊತ್ತು ಬೇಕು, ಅದೇ ತೂಕದ ಗುಳಿಗೆಯನ್ನು ಬೇಗ ನುಂಗಿ ಮುಗಿಸಿ ಉಳಿದ ಹೊತ್ತು ಖಾಲಿ ನಿಲ್ಲುತ್ತದೆ. ಹಿಟ್ಟಿಗೆ ಮರಳಿದೆವು, ಒದ್ದೆಯಾಗದಂತೆ ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಿದೆವು. ಗರಿಯ ಸುಮಾರು ಶೇಕಡ 90 ಭಾಗ ಪ್ರೋಟೀನು, ಅದರಲ್ಲೂ ಗಂಧಕವಿರುವ ಅಮೈನೋ ಆಮ್ಲಗಳು ಹೆಚ್ಚು. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಶೇಕಡ 16ರಿಂದ 18ರಷ್ಟು ಪ್ರೋಟೀನ್ ಇರಬೇಕು. ನಾವು ಖರ್ಚು ಉಳಿಸಲು ಗುಳಿಗೆಯ ಜೊತೆ ಅರ್ಧಕ್ಕರ್ಧ ನುಚ್ಚಕ್ಕಿ ಬೆರೆಸುತ್ತಿದ್ದುದರಿಂದ ಆ ಮಟ್ಟ ಎಷ್ಟೋ ಕೆಳಗಿಳಿದಿತ್ತು. ಸೋಯಾದಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಅಂಶ ಎಳ್ಳು ಹಿಂಡಿಯಲ್ಲೂ ಒಣಮೀನಿನಲ್ಲೂ ಚೆನ್ನಾಗಿದೆ. ಗಾಣದಿಂದ ಎಳ್ಳು ಹಿಂಡಿ ತಂದು ಬೆರೆಸಿದೆವು, ಉಪ್ಪು ಹಾಕದೆ ಒಣಗಿಸಿದ ಸಣ್ಣ ಮೀನನ್ನು ಪುಡಿಮಾಡಿ ವಾರಕ್ಕೆ ಎರಡು ಸಲ ಕೊಟ್ಟೆವು. ಆಹಾರದಲ್ಲಿ ಉಪ್ಪು ಕಡಿಮೆಯಾದರೂ ಕೋಳಿ ಕುಕ್ಕುತ್ತದೆ ಎಂಬುದು ನಿಜ, ಆದರೆ ಅದಕ್ಕಾಗಿ ಕುಡಿಯುವ ನೀರಿಗೆ ಕೈಯಳತೆಯಲ್ಲಿ ಉಪ್ಪು ಹಾಕುವುದು ಅಪಾಯ, ಉಪ್ಪಿನ ವಿಷವೇರಿ ಕೋಳಿ ಸಾಯಬಹುದು.

ಬಿಳಿ ಬಲ್ಬು ತೆಗೆದು ಮಂದವಾದದ್ದನ್ನು ಹಾಕಿ, ಹಗಲಿನ ಬೆಳಕೂ ಸೇರಿ ಹದಿನಾಲ್ಕು ತಾಸಿಗೆ ಮೀರದಂತೆ ಆರಿಸತೊಡಗಿದೆವು. ನೆಲಕ್ಕೆ ಆರು ಇಂಚು ಭತ್ತದ ಹೊಟ್ಟು ಮತ್ತು ಒಣ ತರಗು ಹರಡಿ, ಬೆಳಗ್ಗೆ ಒಂದು ಹಿಡಿ ರಾಗಿ ಚೆಲ್ಲಿದರೆ ಮಧ್ಯಾಹ್ನದವರೆಗೆ ಅದನ್ನು ಹುಡುಕುವುದೇ ಅವುಗಳ ಕೆಲಸವಾಯಿತು. ನುಗ್ಗೆ ಸೊಪ್ಪು, ಹರಿವೆ, ಎಲೆಕೋಸಿನ ಹೊರಗಿನ ಎಲೆಗಳನ್ನು ಕಟ್ಟುಕಟ್ಟಿ ಕೊಕ್ಕಿಗೆ ನಿಲುಕುವ ಎತ್ತರದಲ್ಲಿ ತೂಗಿಬಿಟ್ಟೆವು. ಒಂದು ಮೂಲೆಯಲ್ಲಿ ಬೂದಿ ಮತ್ತು ಒಣಮಣ್ಣು ತುಂಬಿದ ಹಳೆಯ ಟೈರು ಇಟ್ಟೆವು, ಹೇನಿನ ಕಡಿತವೂ ಕೀಳಾಟಕ್ಕೆ ಒಂದು ಕಾರಣ, ಮಣ್ಣು ಮೀಯಲು ಜಾಗ ಸಿಕ್ಕರೆ ಅದು ಕಡಿಮೆಯಾಗುತ್ತದೆ. ದ್ವಾರದ ಗಾಯಕ್ಕೆ ಕಾರಣ ಬೇರೆಯೇ ಇತ್ತು. ಮೊಟ್ಟೆ ಇಟ್ಟ ಕೆಲವು ಕ್ಷಣ ಒಳಗಿನ ಕೆಂಪು ಪದರ ಹೊರಗೆ ಕಾಣುತ್ತದೆ, ನಮ್ಮಲ್ಲಿ ಹದಿನೈದು ಹೇಟೆಗಳಿಗೆ ಇದ್ದದ್ದು ಎರಡೇ ಪೆಟ್ಟಿಗೆ, ಅವೂ ಬಲ್ಬಿನ ಎದುರಿಗೆ. ನಾಲ್ಕೈದು ಹೇಟೆಗೆ ಒಂದರಂತೆ ನಾಲ್ಕು ಪೆಟ್ಟಿಗೆ ಮಾಡಿ, ಬಾಯಿಗೆ ಗೋಣಿತಟ್ಟಿನ ಪರದೆ ಕಟ್ಟಿ, ಒಳಗೆ ಮಬ್ಬು ಉಳಿಯುವಂತೆ ಮಾಡಿದೆವು. ಹಗಲು ಮಳೆ ಬಿಟ್ಟಾಗ ಹೊರಬರಲು ಗೂಡಿಗೆ ತಗುಲಿದಂತೆ ಹತ್ತಡಿಯ ತಗಡಿನ ಚಪ್ಪರವನ್ನೂ ಹಾಕಿಸಿದೆವು. ಖರ್ಚಿನಲ್ಲಿ ದೊಡ್ಡದು ಅದೊಂದೇ.

ಬಿಳಿ ಚುಕ್ಕಿಯ ಹೇಟೆಯನ್ನು ಕಣ್ಣಪಟ್ಟಿ ತೆಗೆದ ಮೇಲೆ ಒಂದು ವಾರ ಬೇರೆಯೇ ಇಟ್ಟೆವು. ಗಾಯಗೊಂಡದ್ದನ್ನು ಮಾತ್ರ ಹೊರತೆಗೆದು ಕುಕ್ಕಿದ್ದನ್ನು ಒಳಗೇ ಬಿಡುವುದು ನಾವೆಲ್ಲ ಮಾಡುವ ತಪ್ಪು, ಅದು ಮರುದಿನ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಹಿಂದಿರುಗಿಸುವಾಗ ರಾತ್ರಿ ಎಲ್ಲವೂ ಕೋಲಿನ ಮೇಲೆ ಮಲಗಿದ ಮೇಲೆ ನಡುವೆ ಕೂರಿಸಿದೆವು. ಬೆಳಗ್ಗೆ ಸ್ವಲ್ಪ ಎದುರುಬದುರು ನಿಂತವು, ಅಷ್ಟೇ.

ಮತ್ತೆ ಕೊಳ್ಳುವ ಪ್ರಸಂಗ ಬಂದರೆ ಅಯೊಡಿನ್ ದ್ರಾವಣವನ್ನು ಮಳೆಗಾಲಕ್ಕೆ ಮೊದಲೇ ತಂದಿಡುತ್ತೇನೆ, ಸ್ಪ್ರೇಯನ್ನು ನೊಣದ ಕಾಲದಲ್ಲಿ ಮಾತ್ರ ತರುತ್ತೇನೆ, ನೇರಳೆ ಔಷಧಿಯನ್ನೂ ಬಟ್ಟೆಯ ಕವಚವನ್ನೂ ಕೊಳ್ಳುವುದಿಲ್ಲ. ಕಣ್ಣಪಟ್ಟಿಯ ಪೊಟ್ಟಣದಲ್ಲಿ ಇನ್ನೂ ಹನ್ನೆರಡು ತುಂಡುಗಳು ಉಳಿದಿವೆ, ಕೇಳಿದವರಿಗೆ ಕೊಡುವ ಮೊದಲು ಅವರ ಗೂಡನ್ನು ನೋಡುತ್ತೇನೆ. ಗಾಯದಲ್ಲಿ ಮಾಂಸ ಕಂಡರೆ, ಒಳಗಿನ ಭಾಗ ಹೊರಬಂದರೆ, ಹುಳ ಆಳಕ್ಕೆ ಇಳಿದಿದ್ದರೆ ಅಥವಾ ಕೋಳಿ ಮೇವು ಬಿಟ್ಟರೆ ಈ ಯಾವ ಡಬ್ಬಿಯನ್ನೂ ನೆಚ್ಚಬೇಡಿ. ಪಶು ಆಸ್ಪತ್ರೆಗೆ ಒಯ್ಯಿರಿ, ದೂರವಾದರೆ ಪಶು ಸಹಾಯವಾಣಿ 1962ಕ್ಕೆ ಕರೆಮಾಡಿ ಕೇಳಿ. ಆಂಟಿಬಯೋಟಿಕ್ ಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಲಿ, ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಅಲ್ಲೇ ಕೇಳಿ ಬರೆದುಕೊಳ್ಳಿ.

ಕಂದು ಹೇಟೆಗೆ ಬುಡಸಮೇತ ಕಿತ್ತಿದ್ದ ಕಡೆ ಆರು ವಾರದಲ್ಲಿ ಹೊಸ ಗರಿ ಬಂದಿತು. ಮೊಂಡಾಗಿ ಮುರಿದಿದ್ದ ಕಡ್ಡಿಗಳು ಮಾತ್ರ ಹಾಗೆಯೇ ಉಳಿದಿದ್ದವು, ಅವು ಪುಕ್ಕ ಉದುರಿಸುವ ಕಾಲ ಬರುವವರೆಗೆ ಬದಲಾಗುವುದಿಲ್ಲ. ಕಾರ್ತಿಕದಲ್ಲಿ ಹಗಲು ಗಿಡ್ಡವಾದಾಗ ಅವೂ ಒಂದೊಂದಾಗಿ ಉದುರಿದವು. ಈಗ ಬಾಲದ ಬುಡದಲ್ಲಿ ನೀಲಿ ಕಡ್ಡಿಗಳ ತುದಿಯಿಂದ ಹೊಸ ಕಂದು ಗರಿ ಬಿಚ್ಚಿಕೊಳ್ಳುತ್ತಿದೆ, ಬಿಳಿ ಚುಕ್ಕಿಯದು ಅದರ ಪಕ್ಕದಲ್ಲೇ ತರಗು ಕೆದಕುತ್ತ ನಿಂತಿರುತ್ತದೆ.